ರೈಲಿಗೆ ಕೆಲಸ ಕೊಟ್ಟ ಗಣಿ

ನನ್ನ ಮಾದರಿ ರೈಲು ಎರಡು ವರ್ಷ ಸುಮ್ನೆ ಸುತ್ತು ಹೊಡೆಯುತ್ತಿತ್ತು. ಹಳಿ ಚೆನ್ನಾಗಿ ಕೂತಿತ್ತು. ಎಂಜಿನ್ ನಯವಾಗಿ ಓಡುತ್ತಿತ್ತು. ನಿಲ್ದಾಣ, ಸಿಗ್ನಲ್, ಸುರಂಗ ಎಲ್ಲವೂ ಇದ್ದವು. ಆದರೂ ಹತ್ತು ನಿಮಿಷ ಓಡಿಸಿದ ಮೇಲೆ ಇನ್ನೇನು ಮಾಡೋದು ಅನ್ನಿಸುತ್ತಿತ್ತು. ರೈಲು ಅಂದ ಮೇಲೆ ಒಂದು ಕಡೆಯಿಂದ ಏನನ್ನಾದರೂ ಹೊತ್ತು ಇನ್ನೊಂದು ಕಡೆ ಇಳಿಸಬೇಕು ಅಲ್ವಾ? ನನ್ನ ರೈಲಿಗೆ ಆ ಕೆಲಸವೇ ಇರಲಿಲ್ಲ.

ಆ ಕೆಲಸ ಕೊಡಲು ಒಂದು ಮಾದರಿ ಗಣಿ ಕಟ್ಟಲು ಹೊರಟೆ. ಕಲ್ಲಿದ್ದಲು ಗಣಿಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ರೈಲು ಬೆಳೆದದ್ದೇ ಗಣಿಯ ಬಾಯಲ್ಲಿ. ಇಂಗ್ಲೆಂಡಿನ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ 1814ರಲ್ಲಿ ಮಾಡಿದ ಮೊದಲ ಎಂಜಿನ್ ಕಿಲ್ಲಿಂಗ್‌ವರ್ತ್ ಕಲ್ಲಿದ್ದಲು ಗಣಿಯದು. 1825ರಲ್ಲಿ ಶುರುವಾದ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲುದಾರಿಯ ಮುಖ್ಯ ಉದ್ದೇಶವೂ ಕಲ್ಲಿದ್ದಲು ಸಾಗಿಸುವುದೇ. ಇನ್ನೊಂದು ಕಾರಣ, ಗಣಿಯಲ್ಲಿ ಕಣ್ಣಿಗೆ ಕಾಣುವ ಚಲನೆ ಜಾಸ್ತಿ. ಮೇಲೆ ರಾಟೆ ತಿರುಗುತ್ತದೆ, ಜನರನ್ನೂ ಕಲ್ಲಿದ್ದಲನ್ನೂ ಹೊರುವ ಪಂಜರ, ಅಂದರೆ ಕೇಜ್, ಏರುತ್ತದೆ, ಇಳಿಯುತ್ತದೆ, ಕಲ್ಲಿದ್ದಲು ವ್ಯಾಗನ್ನಿಗೆ ಸುರಿಯುತ್ತದೆ. ಇವೆಲ್ಲ ನಿಜವಾಗಿ ಆಗಬೇಕು ಅಂತ ಹಠ ಹಿಡಿದೆ.

ನನ್ನದು ಎಚ್‌ಒ ಅಳತೆ. ಅಂದರೆ 1:87, ಹಳಿಗಳ ನಡುವೆ 16.5 ಮಿ.ಮೀ. ಗಣಿಗೆ ಸಿಕ್ಕ ಜಾಗ 240 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಒಂದು ಹಲಗೆ. ನಿಜವಾದ ಗಣಿಯ ಅಂಗಳ ಇದರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಮೂರೇ ಕಟ್ಟಡ ಇಟ್ಟುಕೊಂಡೆ: ಗಣಿಗೆ ಇಳಿಯುವ ಬಾವಿಯ ಮೇಲಿನ ಗೋಪುರ, ಹಗ್ಗ ಸುತ್ತುವ ಯಂತ್ರದ ಮನೆ, ಕಲ್ಲಿದ್ದಲು ಜರಡಿ ಹಿಡಿದು ವ್ಯಾಗನ್ನಿಗೆ ತುಂಬುವ ಕಟ್ಟಡ. ಮೊದಲು ಮೂರನ್ನೂ ರಟ್ಟಿನಲ್ಲಿ ಪೂರ್ತಿ ಅಳತೆಗೆ ಮಾಡಿ ಹಲಗೆ ಮೇಲಿಟ್ಟೆ. ಎರಡು ವಾರ ಅಲ್ಲೇ ಇದ್ದವು. ದಿನಾ ಬೇರೆ ಬೇರೆ ಕಡೆ ಸರಿಸಿ ನೋಡುತ್ತಿದ್ದೆ. ಆ ಎರಡು ವಾರ ಆಮೇಲೆ ಎಷ್ಟೋ ಕೆಲಸ ಉಳಿಸಿತು. ಮರ ಕತ್ತರಿಸುವ ಮುಂಚೆ ರಟ್ಟು ಕತ್ತರಿಸಿ, ಇದನ್ನು ಯಾರಿಗಾದರೂ ಒತ್ತಿ ಹೇಳುತ್ತೇನೆ.

ಗೋಪುರ 25 ಸೆಂ.ಮೀ. ಎತ್ತರ, ನಿಜದಲ್ಲಿ ಸುಮಾರು 22 ಮೀಟರ್ ಆಗುತ್ತದೆ. ಇದರಲ್ಲಿ ಒಂದು ವಿಷಯ ಗಮನಿಸಬೇಕು. ಗೋಪುರದ ಓರೆ ಕಾಲುಗಳು ಯಾವಾಗಲೂ ಯಂತ್ರದ ಮನೆ ಕಡೆಗೇ ಚಾಚಿರುತ್ತವೆ. ಹಗ್ಗ ಬಾವಿಯಿಂದ ನೇರ ಮೇಲೆ ಬಂದು, ರಾಟೆ ದಾಟಿ, ಓರೆಯಾಗಿ ಯಂತ್ರದ ಮನೆಗೆ ಇಳಿಯುತ್ತದೆ. ಎಳೆತವೆಲ್ಲ ಆ ಕಡೆಗೇ. ಕಾಲು ಇಲ್ಲದಿದ್ದರೆ ಗೋಪುರ ಅತ್ತ ವಾಲುತ್ತದೆ. ಅಂದಕ್ಕೆ ಅಂತ ಕಾಲನ್ನು ಎದುರು ಬದಿಗೆ ಇಟ್ಟರೆ, ಗಣಿ ಗೊತ್ತಿರುವವರ ಕಣ್ಣಿಗೆ ತಕ್ಷಣ ಚುಚ್ಚುತ್ತದೆ.

ಇನ್ನು ಕೇಜ್. ನಾನು ಅತಿ ಹೆಚ್ಚು ಸಮಯ ಕೊಟ್ಟಿದ್ದು ಇದಕ್ಕೆ.

ನೀರಿನ ಬಾವಿಯ ರಾಟೆಗೆ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದಲ್ಲ, ಗಣಿಯಲ್ಲೂ ಲೆಕ್ಕ ಅದೇ. ಎರಡು ಕೇಜ್, ಎರಡು ಹಗ್ಗ, ಎರಡು ರಾಟೆ, ಆದರೆ ಹಗ್ಗ ಸುತ್ತುವ ಡ್ರಮ್ ಒಂದೇ. ಒಂದು ಹಗ್ಗ ಡ್ರಮ್ಮಿನ ಮೇಲ್ಭಾಗದಿಂದ ಹೊರಡುತ್ತದೆ, ಇನ್ನೊಂದು ಕೆಳಭಾಗದಿಂದ. ಡ್ರಮ್ ತಿರುಗಿದಾಗ ಒಂದು ಸುತ್ತಿಕೊಳ್ಳುತ್ತದೆ, ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಕೇಜುಗಳ ತೂಕ ಒಂದನ್ನೊಂದು ಸರಿದೂಗಿಸುವುದರಿಂದ ಯಂತ್ರ ಎತ್ತಬೇಕಾದದ್ದು ಸರಕು ಮತ್ತು ಹಗ್ಗದ ಭಾರ ಮಾತ್ರ. ಮೇಲಿನ ಎರಡು ರಾಟೆಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತವೆ. ನೋಡುವವರು ಮೊದಲು ಬೆರಳು ತೋರಿಸುವುದು ಇದಕ್ಕೇ.

ಬಾವಿ ಎಷ್ಟು ಆಳ ಇರಬೇಕು? ಹಲಗೆಯ ಕೆಳಗೆ ನೆಲದವರೆಗೆ ಖಾಲಿ ಜಾಗವಿತ್ತು. ವೈರಿಂಗ್‌ಗೆ ಬಳಸುವ ಚೌಕಾಕಾರದ ಪ್ಲಾಸ್ಟಿಕ್ ಕೇಸಿಂಗ್ ಎರಡು ತುಂಡು ತಂದು ಪಕ್ಕಪಕ್ಕ ನಿಲ್ಲಿಸಿದೆ. ಅದರಲ್ಲಿ ಕೇಜ್ 70 ಸೆಂ.ಮೀ. ಇಳಿಯುತ್ತದೆ. ನಿಜದ ಲೆಕ್ಕದಲ್ಲಿ ಸುಮಾರು 61 ಮೀಟರ್. ಗಣಿಗೆ ಇದು ಆಳವೇ ಅಲ್ಲ. ಆದರೆ ಕೇಜ್ ನೆಲದೊಳಗೆ ಮರೆಯಾದ ಮೇಲೂ ರಾಟೆ ತಿರುಗುತ್ತಲೇ ಇರುತ್ತದೆ. ಹಾಗಾಗಿ ಆಳ ಇದೆ ಅಂತ ಮನಸ್ಸು ನಂಬುತ್ತದೆ.

ಮೋಟಾರ್ 28ಬಿವೈಜೆ-48 ಎಂಬ ಚಿಕ್ಕ ಸ್ಟೆಪರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್. 5 ವೋಲ್ಟ್, ಒಳಗೇ ಗೇರ್ ಇದೆ, ಒಂದು ಸುತ್ತಿಗೆ 2048 ಹೆಜ್ಜೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇದನ್ನು ಓಡಿಸುತ್ತದೆ. ಡ್ರಮ್ಮಿನ ವ್ಯಾಸ 45 ಮಿ.ಮೀ. ಇಟ್ಟೆ. ಐದು ಸುತ್ತಿಗೆ 70 ಸೆಂ.ಮೀ. ದಾರ ಸುತ್ತಿಕೊಳ್ಳುತ್ತದೆ, 20 ಸೆಕೆಂಡ್ ಬೇಕು. ದೊಡ್ಡ ಗಣಿಗಳಲ್ಲಿ ಕೇಜ್ ಸೆಕೆಂಡಿಗೆ 10 ಮೀಟರಿನಷ್ಟು ವೇಗದಲ್ಲಿ ಓಡುತ್ತದೆ. ಅದೇ ಲೆಕ್ಕ ಹಿಡಿದು ಬೇರೊಂದು ವೇಗದ ಮೋಟಾರಿನಲ್ಲಿ ಓಡಿಸಿ ನೋಡಿದೆ. ಆರು ಸೆಕೆಂಡಿಗೆ ಮುಗಿದುಹೋಯಿತು, ಆಟಿಕೆಯಂತೆ ಕಂಡಿತು. ನಿಧಾನ ಮಾಡಿದರೆ ಭಾರ ಇದೆ ಅನ್ನಿಸುತ್ತದೆ. ಇಲ್ಲಿ ಲೆಕ್ಕಕ್ಕಿಂತ ಕಣ್ಣಿನ ಮಾತು ಕೇಳಿದೆ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ವೇಗ ಮೆಲ್ಲಗೆ ಏರಿ ಇಳಿಯುವಂತೆ ಮಾಡಿದ್ದೇನೆ. ಅದೂ ಬಹಳ ಮುಖ್ಯ.

ದಾರ ತುಂಬಾ ಕಾಡಿತು. ಹೊಲಿಗೆ ದಾರಕ್ಕೆ ಜುಂಗು ಏಳುತ್ತದೆ, ಹತ್ತಿರದಿಂದ ನೋಡಿದರೆ ಕೂದಲು ಬೆಳೆದ ಹಗ್ಗದಂತೆ ಕಾಣುತ್ತದೆ. ನೈಲಾನ್ ದಾರ ಸುರುಳಿಯ ನೆನಪು ಬಿಡುವುದಿಲ್ಲ, ಸಡಿಲವಾದ ಕೂಡಲೇ ಸುತ್ತಿಕೊಳ್ಳುತ್ತದೆ. ಕೊನೆಗೆ ಒಗ್ಗಿದ್ದು ಮೀನು ಹಿಡಿಯಲು ಬಳಸುವ ಹೆಣೆದ ದಾರ. ಅದಕ್ಕೂ ಬಿಗಿಯಾಗಿರಲು ತೂಕ ಬೇಕು. ಕೇಜ್ ಹಿತ್ತಾಳೆ ತಂತಿಯದು, ಹಗುರ. ಅದಕ್ಕೆ ಕೇಜಿನ ತಳದಿಂದ ಒಂದು ಕಬ್ಬಿಣದ ಬೋಲ್ಟ್ ನೇತುಹಾಕಿದೆ. ಕೇಜ್ ನೆಲಮಟ್ಟಕ್ಕೆ ಬಂದಾಗಲೂ ಬೋಲ್ಟ್ ಬಾವಿಯೊಳಗೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಎರಡೂ ಕಡೆ ಒಂದೇ ತೂಕದ ಬೋಲ್ಟ್.

ಇಷ್ಟಾದರೂ ರಾಟೆ ತಿರುಗಲಿಲ್ಲ! ಕೇಜ್ ಏರುತ್ತಿತ್ತು, ದಾರ ಮಾತ್ರ ನಿಂತ ರಾಟೆಯ ಮೇಲೆ ಜಾರಿಕೊಂಡು ಹೋಗುತ್ತಿತ್ತು. ರಾಟೆಯನ್ನು ಕೈಗೆ ತೆಗೆದುಕೊಂಡು ಊದಿದೆ. ಅರ್ಧ ಸುತ್ತಿಗೆ ನಿಂತಿತು. ಅಚ್ಚು ಬಿಗಿ. ಎಣ್ಣೆ ಹಾಕಿದ್ದೇ ತಪ್ಪಾಗಿತ್ತು, ಧೂಳು ಸೇರಿ ಅಂಟಾಗಿತ್ತು. ಎಲ್ಲ ಬಿಚ್ಚಿ, 1.5 ಮಿ.ಮೀ. ಉಕ್ಕಿನ ಕಡ್ಡಿಯನ್ನು ಹಿತ್ತಾಳೆ ಕೊಳವೆಯೊಳಗೆ ಕೂರಿಸಿದೆ. ಎಣ್ಣೆ ಬದಲು ಪೆನ್ಸಿಲ್ ಸೀಸದ ಪುಡಿ ಉದುರಿಸಿದೆ. ರಾಟೆಯ ಅಂಚಿನಲ್ಲಿ ದಾರ ಕೂರುವ ತೋಡಿಗೆ ರಬ್ಬರ್ ಅಂಟನ್ನು ತೆಳ್ಳಗೆ ಸವರಿ ಒಣಗಿಸಿದೆ. ಈಗ ಊದಿದರೆ ಹತ್ತು ಹನ್ನೆರಡು ಸುತ್ತು ತಿರುಗುತ್ತದೆ. ದಾರ ಮುಟ್ಟಿದರೆ ಸಾಕು, ಜೊತೆಗೇ ಹೊರಡುತ್ತದೆ.

ಒಂದು ಅವಘಡವೂ ಆಯಿತು. ಕರೆಂಟ್ ಹೋಗಿ ಬಂದಾಗ ಆರ್ಡುಯಿನೊಗೆ ಕೇಜ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಮೇಲಿದ್ದ ಕೇಜನ್ನು ಮತ್ತೆ ಮೇಲಕ್ಕೇ ಎಳೆದು ರಾಟೆಗೆ ಗುದ್ದಿಸಿತು. ಬೆಸುಗೆ ಬಿಟ್ಟು ಮೇಲಿನ ಪಟ್ಟಿ ಕಿತ್ತುಬಂತು. ನಿಜವಾದ ಗಣಿಯಲ್ಲಿ ಇದು ಜೀವ ತೆಗೆಯುವ ಅಪಘಾತ. ಅದಕ್ಕೆಂದೇ ಅಲ್ಲಿ ಹಗ್ಗಕ್ಕೂ ಕೇಜಿಗೂ ನಡುವೆ ಡಿಟ್ಯಾಚಿಂಗ್ ಹುಕ್ ಇರುತ್ತದೆ. ಕೇಜ್ ಮಿತಿಮೀರಿ ಮೇಲೆ ಬಂದರೆ ಅದು ಹಗ್ಗವನ್ನು ಬಿಡಿಸಿ, ಕೇಜನ್ನು ಬೀಳಲು ಬಿಡದೆ ಅಲ್ಲೇ ತೂಗಿಸಿ ಹಿಡಿಯುತ್ತದೆ. ನಾನು ಗೋಪುರದೊಳಗೆ ಎರಡು ಮೈಕ್ರೋ ಸ್ವಿಚ್ ಇಟ್ಟೆ, ಕೇಜಿಗೊಂದು. ಪ್ರತಿ ಸಲ ಆನ್ ಮಾಡಿದಾಗ ಒಂದು ಕೇಜ್ ಮೆಲ್ಲಗೆ ಏರಿ ತನ್ನ ಸ್ವಿಚ್ ಮುಟ್ಟುತ್ತದೆ, ಅಲ್ಲಿಂದ ಲೆಕ್ಕ ಶುರು. ಏರಬೇಕಾದ್ದು ಅಪ್ಪಿತಪ್ಪಿ ಇಳಿದರೆ ಇನ್ನೊಂದು ಕೇಜಿನ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ.

ಜೊತೆಗೆ ಒಂದು ಚಿಕ್ಕ ಗಂಟೆಯನ್ನೂ ಕೂರಿಸಿದೆ. ಬ್ರಿಟನ್ನಿನ ಗಣಿಗಳ ಸಂಕೇತ ಸರಳ. ನಿಂತಿದ್ದಾಗ ಒಂದು ಬಡಿತ ಅಂದರೆ ಎತ್ತು, ಓಡುತ್ತಿದ್ದಾಗ ಒಂದು ಅಂದರೆ ನಿಲ್ಲಿಸು. ಎರಡು ಅಂದರೆ ಇಳಿಸು. ಮೂರು ಅಂದರೆ ಜನ ಹತ್ತುತ್ತಿದ್ದಾರೆ. ನನ್ನ ಕೇಜಿನಲ್ಲಿ ಇಬ್ಬರು ಪುಟ್ಟ ಗಣಿಕೆಲಸಗಾರರಿದ್ದಾರೆ. ಹಾಗಾಗಿ ಅದು ಹೊರಡುವ ಮುಂಚೆ ಮೂರು ಬಡಿತ ಕೇಳಲೇಬೇಕು.

ಈಗ ಕಲ್ಲಿದ್ದಲಿಗೆ ಬರೋಣ. ನಾನು ಬಳಸಿದ್ದು ನಿಜವಾದ ಕಲ್ಲಿದ್ದಲು. ಅದರ ಹೊಳಪು ಕಪ್ಪು ಬಣ್ಣ ಬಳಿದ ಮರಳಿಗೆ ಬರುವುದೇ ಇಲ್ಲ. 10 ಸೆಂ.ಮೀ. ಗಾತ್ರದ ಉಂಡೆ ಈ ಅಳತೆಯಲ್ಲಿ 1 ಮಿ.ಮೀ.ಗಿಂತ ಸ್ವಲ್ಪ ದೊಡ್ಡದು ಅಷ್ಟೇ. ದಪ್ಪ ಬಟ್ಟೆಯ ಚೀಲದೊಳಗೆ ಹಾಕಿ ಸುತ್ತಿಗೆಯಿಂದ ಜಜ್ಜಿದೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು. 2 ಮಿ.ಮೀ. ಜರಡಿಯಲ್ಲಿ ಇಳಿದು, 1 ಮಿ.ಮೀ. ಜರಡಿಯಲ್ಲಿ ನಿಂತದ್ದನ್ನು ಮಾತ್ರ ಇಟ್ಟುಕೊಂಡೆ. ಆಮೇಲೆ ನೀರು ತಿಳಿಯಾಗುವ ತನಕ ತೊಳೆದು ಒಣಗಿಸಿದೆ. ತೊಳೆಯುವುದನ್ನು ಬಿಡಬೇಡಿ. ತೊಳೆಯದ ಕಲ್ಲಿದ್ದಲಿನ ಧೂಳು ಹಳಿ ಮೇಲೆ ಕೂತು ಕರೆಂಟ್ ತಡೆಯುತ್ತದೆ, ಎಂಜಿನ್ನಿನ ಗೇರಿನೊಳಗೂ ನುಗ್ಗುತ್ತದೆ.

ತುಂಬುವ ಕಟ್ಟಡದ ಛಾವಣಿ ಎತ್ತಿದರೆ ಒಳಗೆ ಕೆಳಕ್ಕೆ ಕಿರಿದಾಗುವ, ತಳದಲ್ಲಿ ಬಾಯಿ ಇರುವ ಒಂದು ಕೊಪ್ಪರಿಗೆ. ಕಲ್ಲಿದ್ದಲನ್ನು ನಾನೇ ಅದಕ್ಕೆ ಸುರಿಯುತ್ತೇನೆ. ಕೇಜಿನಲ್ಲಿ ಬರುವ ಚಿಕ್ಕ ತೊಟ್ಟಿಯ ಹೊರೆ ಅಂಟಿಸಿದ್ದು. ಕೇಜಿನಿಂದಲೇ ಕಲ್ಲಿದ್ದಲು ಬರಬೇಕು ಅಂತ ಮೊದಲು ಆಸೆ ಇತ್ತು. ಆ ಅಳತೆಯಲ್ಲಿ ಒಂದು ವ್ಯಾಗನ್ ತುಂಬಲು ಕೇಜ್ ಹತ್ತಾರು ಸಲ ಏರಬೇಕಾಗುತ್ತಿತ್ತು, ಕೈಬಿಟ್ಟೆ.

ಕೊಪ್ಪರಿಗೆಯಿಂದ ಕಲ್ಲಿದ್ದಲು ಬೀಳುವುದು ಸುಲಭ ಅಂದುಕೊಂಡಿದ್ದೆ. ಬಾಯಿ 8 ಮಿ.ಮೀ. ಇಟ್ಟಿದ್ದೆ, ಗೋಡೆಯ ಓರೆ 40 ಡಿಗ್ರಿ. ಒಂದು ಚಿಟಿಕೆ ಬಿದ್ದು ನಿಂತಿತು. ಟಾರ್ಚ್ ಹಿಡಿದು ಕೆಳಗಿನಿಂದ ಇಣುಕಿದೆ. ಬಾಯಿಯ ಮೇಲೆ ಹರಳುಗಳು ಒಂದಕ್ಕೊಂದು ಒರಗಿ ಪುಟ್ಟ ಕಮಾನು ಕಟ್ಟಿಕೊಂಡಿದ್ದವು. ಕಡ್ಡಿಯಿಂದ ತಿವಿದರೆ ಬೀಳುತ್ತಿತ್ತು, ಮತ್ತೆ ಕಮಾನು. ಕಲ್ಲಿದ್ದಲು ತುಂಬಿಡುವ ನಿಜವಾದ ಬಂಕರುಗಳಿಗೂ ಇದೇ ಕಾಯಿಲೆ. ಓರೆಯನ್ನು 60 ಡಿಗ್ರಿಗೆ ಏರಿಸಿದೆ, ಬಾಯಿಯನ್ನು 14 ಮಿ.ಮೀ. ಮಾಡಿದೆ. ಪ್ಲಾಸ್ಟಿಕ್ ಗೋಡೆ ಉಜ್ಜಾಟಕ್ಕೆ ವಿದ್ಯುತ್ ಹಿಡಿದು ಸಣ್ಣ ಹರಳನ್ನು ಅಂಟಿಸಿಕೊಳ್ಳುತ್ತಿತ್ತು, ಅದಕ್ಕೆ ಒಳಗೆ ತೆಳು ಹಿತ್ತಾಳೆ ಹಾಳೆ ಹೊದಿಸಿದೆ. ಹಳೆಯ ಮೊಬೈಲ್ ಫೋನಿನ ವೈಬ್ರೇಷನ್ ಮೋಟಾರನ್ನು ಹೊರಗೋಡೆಗೆ ಕಟ್ಟಿದೆ. ಬಾಗಿಲು ತೆರೆಯುವಾಗ ಅದೂ ಗುಂಯ್‌ಗುಡುತ್ತದೆ. ಬಾಗಿಲು ಮೊದಲು ಸರಿಯುವ ತಟ್ಟೆಯಾಗಿತ್ತು, ಹರಳು ಸಿಕ್ಕಿಕೊಂಡು ಮುಚ್ಚುತ್ತಲೇ ಇರಲಿಲ್ಲ. ಈಗ ತೊಟ್ಟಿಲಿನಂತೆ ತೂಗುವ ಬಾಗಿದ ತಟ್ಟೆ, ಸಣ್ಣ ಸರ್ವೋ ಮೋಟಾರ್ ಅದನ್ನು ಆಡಿಸುತ್ತದೆ. ಒಂದು ವ್ಯಾಗನ್ನಿಗೆ ಸುಮಾರು 40 ಗ್ರಾಂ ಬೀಳಬೇಕು, ಮೂರು ಸೆಕೆಂಡ್ ಸಾಕು.

ವ್ಯಾಗನ್ ಸರಿಯಾಗಿ ಬಾಯಿಯ ಕೆಳಗೆ ನಿಂತಿದೆ ಅಂತ ತಿಳಿಯಲು ಹಳಿಗಳ ನಡುವೆ ಇನ್‌ಫ್ರಾರೆಡ್ ಸೆನ್ಸರ್ ಇಟ್ಟಿದ್ದೆ. ಚೆಲ್ಲಿದ ಕಲ್ಲಿದ್ದಲು ಅದನ್ನು ಮುಚ್ಚಿತು. ಕಿರಣ ಅಡ್ಡಡ್ಡ ಹಾಯುವಂತೆ ಎರಡು ಬದಿಗೆ ಬದಲಾಯಿಸಿದೆ, ಆಮೇಲೆ ತೊಂದರೆ ಬಂದಿಲ್ಲ.

ತೂಕದ ಬಗ್ಗೆಯೂ ಹೇಳಬೇಕು. ಎಚ್‌ಒ ವ್ಯಾಗನ್ನಿಗೆ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಕೊಡುವ ಸಲಹೆ ಹೀಗಿದೆ: 1 ಔನ್ಸ್, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನನ್ನ 5 ಇಂಚಿನ ವ್ಯಾಗನ್ನಿಗೆ ಸುಮಾರು 99 ಗ್ರಾಂ ಆಗುತ್ತದೆ. ಆದರೆ ಇಲ್ಲಿ ಸರಕು ಬರುತ್ತದೆ, ಹೋಗುತ್ತದೆ. ಖಾಲಿ ಇದ್ದಾಗ 70 ಗ್ರಾಂ, ತುಂಬಿದಾಗ 110 ಗ್ರಾಂ ಇರುವಂತೆ ಹೊಂದಿಸಿದೆ. ಅದಕ್ಕಿಂತ ಹಗುರ ಇದ್ದಾಗ, ಎಂಜಿನ್ ಹಿಂದಿನಿಂದ ತಳ್ಳಿದರೆ ಹಳಿ ಕವಲೊಡೆಯುವ ಪಾಯಿಂಟ್ಸ್ ಮೇಲೆ ಹಳಿ ತಪ್ಪುತ್ತಿದ್ದವು.

ಖಾಲಿ ಮಾಡುವ ಕಡೆ ವ್ಯಾಗನ್ನಿನ ತಳದಲ್ಲಿ ಬಾಗಿಲು, ಅದಕ್ಕೆ ಕೊಕ್ಕೆ, ಕೊಕ್ಕೆಯಿಂದ ಹೊರಬಂದ ಒಂದು ತಂತಿ. ಹಳಿ ಪಕ್ಕದ ಇಳಿಜಾರು ಪಟ್ಟಿ ತಂತಿಯನ್ನು ಎತ್ತಿದಾಗ ಬಾಗಿಲು ತೆರೆದು ಕಲ್ಲಿದ್ದಲು ಹಲಗೆಯ ಕೆಳಗಿನ ಡ್ರಾಯರಿಗೆ ಬೀಳುತ್ತದೆ. ಪಟ್ಟಿಯನ್ನು ಮೊದಲು ಹಳಿಗಳ ನಡುವೆ ಇಟ್ಟಿದ್ದೆ, ಎಂಜಿನ್ನಿನ ಹೊಟ್ಟೆ ತಗುಲಿತು. ಡ್ರಾಯರಿನಿಂದ ಮತ್ತೆ ಕೊಪ್ಪರಿಗೆಗೆ ಒಯ್ಯುವುದು ಕೈಯಿಂದಲೇ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಹಳೆಯ ಒಂದು ಉಪಾಯ ಇದೆ. ಗಣಿಯನ್ನೂ ವಿದ್ಯುತ್ ಸ್ಥಾವರವನ್ನೂ ಒಂದೇ ಪರದೆಯ ಎರಡು ಬದಿಗೆ ಕಟ್ಟಿ, ಹಳಿಯನ್ನು ಪರದೆಯ ಮೂಲಕ ಹಾಯಿಸುವುದು. ಸ್ಥಾವರಕ್ಕೆ ತಳ್ಳಿದ ತುಂಬಿದ ವ್ಯಾಗನ್ ಈ ಕಡೆ ಗಣಿಯಿಂದ ತುಂಬಿಕೊಂಡೇ ಹೊರಬರುತ್ತದೆ. ಗಣಿಗೆ ತಳ್ಳಿದ ಖಾಲಿ ಆ ಕಡೆ ಖಾಲಿಯಾಗಿ ಬರುತ್ತದೆ. ಒಂದು ಹರಳೂ ಚೆಲ್ಲುವುದಿಲ್ಲ. ಇದು ಜಾಣ ಯೋಜನೆ, ನಾನೂ ಕೆಲವು ತಿಂಗಳು ಹಾಗೇ ಓಡಿಸಿದೆ. ಆದರೆ ನನಗೆ ಕಲ್ಲಿದ್ದಲು ಬೀಳುವುದನ್ನು ನೋಡಬೇಕಿತ್ತು.

ನೆಲದ ಕೆಲಸ ಬೇಗ ಮುಗಿಯಿತು. ಥರ್ಮಕೋಲ್ ಗುಡ್ಡ, ಮೇಲೆ ಪ್ಲಾಸ್ಟರ್, ಜರಡಿಯಲ್ಲಿ ಕೆಳಗಿಳಿದ ಸಣ್ಣ ಪುಡಿಯನ್ನು ನೀರು ಬೆರೆಸಿದ ಬಿಳಿ ಅಂಟಿನಿಂದ ಹಿಡಿಸಿದೆ. ಅಂಟಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಅದು ಪುಡಿಯೊಳಗೆ ಇಳಿಯುತ್ತದೆ. ಗಣಿಯ ಅಂಗಳದಲ್ಲಿ ಹಸಿರು ಕಡಿಮೆ ಇರಲಿ. ಗೋಡೆಗಳಿಗೆ ಮಸಿ, ಛಾವಣಿಗೆ ತುಕ್ಕು.

ಈಗ ಆರು ಖಾಲಿ ವ್ಯಾಗನ್ ತಳ್ಳಿಕೊಂಡು ಎಂಜಿನ್ ಏರಿ ಬರುತ್ತದೆ. ಗಣಿಯ ಹಾದಿಯ ಏರು ಮೀಟರಿಗೆ 1.5 ಸೆಂ.ಮೀ., 2 ಸೆಂ.ಮೀ. ಇದ್ದಾಗ ಚಕ್ರ ಜಾರುತ್ತಿತ್ತು. ಗಂಟೆ ಮೂರು ಸಲ ಬಡಿಯುತ್ತದೆ, ರಾಟೆ ಎದ್ದು ತಿರುಗುತ್ತದೆ. ಮೊದಲ ವ್ಯಾಗನ್ ಕಿರಣ ಮುರಿಯುತ್ತದೆ, ಎಂಜಿನ್ ನಿಲ್ಲುತ್ತದೆ, ಕಲ್ಲಿದ್ದಲು ಸರ್ರನೆ ಇಳಿಯುತ್ತದೆ. ಒಂದು ವ್ಯಾಗನ್ ಉದ್ದ ಮುಂದೆ, ಮತ್ತೆ ನಿಲುಗಡೆ. ಆರೂ ತುಂಬಲು ಎಂಟು ನಿಮಿಷ. ಇಳಿಸಿ ಖಾಲಿ ತಂದು ನಿಲ್ಲಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಆರನೇ ವ್ಯಾಗನ್ನಿನ ಬಾಗಿಲು ಮಾತ್ರ ಆಗಾಗ ಪೂರ್ತಿ ಮುಚ್ಚುವುದಿಲ್ಲ, ಹಿಂತಿರುಗುವ ಹಾದಿಯಲ್ಲಿ ನಾಲ್ಕಾರು ಹರಳು ಉದುರಿಸಿಕೊಂಡು ಬರುತ್ತದೆ. ಅದರ ಕೊಕ್ಕೆಯನ್ನು ಈ ವಾರ ಬಿಚ್ಚಿದ್ದೇನೆ.