ದೊಡ್ಡ ರೆಸಿನ್ ಮಾದರಿ ವಿಮಾನ ಕಟ್ಟುವುದು: ಅಂಟಿಗಿಂತ ಮೊದಲು ತೂಕದ ಲೆಕ್ಕ

ನಾನು ಕಟ್ಟಿದ ಮೊದಲ ದೊಡ್ಡ ರೆಸಿನ್ ಮಾದರಿ ವಿಮಾನ ಶೋಕೇಸಿನಲ್ಲಿ ಆರು ತಿಂಗಳು ಚೆನ್ನಾಗಿಯೇ ನಿಂತಿತ್ತು. ಏಪ್ರಿಲ್ ಬಂತು. ಒಂದು ದಿನ ನೋಡಿದರೆ ಎಡ ಚಕ್ರದ ಕಾಲು ಸ್ವಲ್ಪ ಸೊಟ್ಟ. ಇನ್ನೊಂದು ವಾರಕ್ಕೆ ರೆಕ್ಕೆಯ ತುದಿ ಗಾಜಿಗೆ ತಾಗಿಕೊಂಡಿತ್ತು. ಮನೆಯಲ್ಲಿ ಎಲ್ಲರ ಮೇಲೂ ಕೂಗಾಡಿದೆ, ಪಾಪ, ಯಾರೂ ಮುಟ್ಟಿರಲಿಲ್ಲ. ಕಿಟ್ (ಬಿಡಿ ತುಂಡುಗಳ ಡಬ್ಬಿ) ಜೊತೆ ಬಂದಿದ್ದ ರೆಸಿನ್ ಕಾಲುಗಳು ಬೇಸಿಗೆಯ ಕಾವಿಗೆ ಮೆತ್ತಗಾಗಿ, ಮೇಲಿನ ಭಾರ ತಡೆಯಲಾರದೆ, ನಿಧಾನಕ್ಕೆ ಬಗ್ಗಿದ್ದವು.

ರೆಸಿನ್ ಅಂದರೆ ದ್ರವವಾಗಿ ಅಚ್ಚಿಗೆ ಹೊಯ್ದು ಗಟ್ಟಿಯಾಗಿಸುವ ವಸ್ತು. ಅದು ಪ್ಲಾಸ್ಟಿಕ್‌ಗಿಂತ ಭಾರವಾದ ವಸ್ತು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ, ಹೆಚ್ಚುಕಡಿಮೆ ಎರಡೂ ಒಂದೇ. ವ್ಯತ್ಯಾಸ ಇರುವುದು ದಪ್ಪದಲ್ಲಿ. ಮಾಮೂಲಿ ಪ್ಲಾಸ್ಟಿಕ್ ಕಿಟ್‌ನ ಮೈ ಒಂದೂವರೆ ಮಿಲಿಮೀಟರ್ ಇದ್ದರೆ ಹೆಚ್ಚು. ರೆಸಿನ್‌ನಲ್ಲಿ ಅದು ಮೂರು ನಾಲ್ಕು ಮಿಲಿಮೀಟರ್ ಇರುತ್ತದೆ, ರೆಕ್ಕೆಯಂತೂ ಎಷ್ಟೋ ಸಲ ಪೂರ್ತಿ ಗಟ್ಟಿ, ಒಳಗೆ ಟೊಳ್ಳೇ ಇರುವುದಿಲ್ಲ. ಹಾಗಾಗಿ ನಾನು ಈಗ ಯಾವ ಕಿಟ್ ತೆರೆದರೂ ಮೊದಲು ಎಲ್ಲ ತುಂಡುಗಳನ್ನೂ ಅಡುಗೆಮನೆಯ ತಕ್ಕಡಿ ಮೇಲಿಟ್ಟು ತೂಗುತ್ತೇನೆ. ಮುಂದಿನ ಕೆಲಸವೆಲ್ಲ ಆ ಸಂಖ್ಯೆಯ ಮೇಲೆ ನಿಂತಿರುತ್ತದೆ.

ಇಲ್ಲಿ ಉದಾಹರಣೆಗೆ ನನ್ನ ಎಚ್‌ಎಫ್-24 ಮರುತ್ ತೆಗೆದುಕೊಳ್ಳುತ್ತೇನೆ. ಮರುತ್ ಅಂದರೆ ನಮ್ಮ ವಾಯುಪಡೆಯ ಹಳೇ ಜೆಟ್ ಯುದ್ಧವಿಮಾನ. ಗೆಳೆಯರೊಬ್ಬರು ತಾವೇ ಮಾಸ್ಟರ್ (ಅಚ್ಚು ತೆಗೆಯುವ ಮೂಲ ಪ್ರತಿ) ಮಾಡಿ, ಸಿಲಿಕೋನ್ ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದ ಕೆಲವೇ ಸೆಟ್‌ಗಳಲ್ಲಿ ಒಂದು ನನ್ನದು. ಅಳತೆ 1/32, ಅಂದರೆ ಅಸಲಿಯ ಮೂವತ್ತೆರಡನೇ ಒಂದು ಭಾಗ. ನಿಜವಾದ ಮರುತ್ 15.87 ಮೀಟರ್ ಉದ್ದ, ರೆಕ್ಕೆಯ ಹರವು 9 ಮೀಟರ್. ಅಂದರೆ ಮಾದರಿ ಸುಮಾರು 49.6 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಬೆಂಗಳೂರಿನವರಿಗೆ ಈ ವಿಮಾನದ ಮೇಲೆ ಸ್ವಲ್ಪ ಜಾಸ್ತಿಯೇ ಮಮತೆ, ಅಲ್ವಾ? ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿ ಎಚ್‌ಎಎಲ್‌ನಲ್ಲಿ ಕೂತು ವಿನ್ಯಾಸ ಮಾಡಿದ್ದು, 1961ರ ಜೂನ್ 17ರಂದು ಇಲ್ಲೇ ಮೊದಲು ಹಾರಿದ್ದು. ಅವತ್ತು ಹಾರಿಸಿದವರು ಸುರಂಜನ್ ದಾಸ್. ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ದಿನಾ ಒದ್ದಾಡುವ ಎಷ್ಟೋ ಜನಕ್ಕೆ ಆ ಹೆಸರು ಯಾರದ್ದು ಅಂತ ಗೊತ್ತಿಲ್ಲ.

ಇನ್ನೊಂದು ಅನುಕೂಲ, ಅಸಲಿ ವಿಮಾನವನ್ನೇ ಹೋಗಿ ನೋಡಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದಿದೆ, ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಫೋಟೋ ತೆಗೆಯುವಾಗ ಇಡೀ ವಿಮಾನ ಒಂದೇ ಚೌಕಟ್ಟಿಗೆ ಬರಲಿ ಅಂತ ಹಿಂದೆ ಹಿಂದೆ ಹೋಗಬೇಡಿ. ಚಕ್ರದ ಗೂಡು, ಕಾಲಿನ ಕೀಲು, ರೆಕ್ಕೆ ಮೈಗೆ ಸೇರುವ ಜಾಗ, ಇವನ್ನು ಹತ್ತಿರದಿಂದ ತೆಗೆಯಿರಿ. ಆಮೇಲೆ ಬೇಕಾಗುವುದು ಅವೇ.

ಮೊದಲ ದಿನ ಅಂಟು ಮುಟ್ಟಬೇಡಿ

ಡಬ್ಬಿ ತೆರೆದ ಕೂಡಲೇ ತುಂಡುಗಳನ್ನು ಎಣಿಸಿ. ಗಾಳಿಗುಳ್ಳೆ ಎಲ್ಲೆಲ್ಲಿದೆ, ಯಾವುದು ಸೊಟ್ಟಗಿದೆ, ಯಾವ ಮೂಲೆಗೆ ರೆಸಿನ್ ತುಂಬಿಯೇ ಇಲ್ಲ, ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಏನಾದರೂ ಕಮ್ಮಿ ಇದ್ದರೆ ಆ ವಾರವೇ ಕೇಳಿಬಿಡಿ. ಸಿಲಿಕೋನ್ ಅಚ್ಚಿಗೆ ಆಯಸ್ಸು ಕಡಿಮೆ, ಕೆಲವು ಡಜನ್ ಎರಕಕ್ಕೆ ಹರಿದುಹೋಗುತ್ತದೆ. ನಾನು ಒಮ್ಮೆ ಒಂದು ವರ್ಷ ಬಿಟ್ಟು ಬಾಲದ ತುಂಡು ಕೇಳಿದೆ. ಅಚ್ಚು ಇಲ್ಲ ಅಂದರು, ಮುಗೀತು.

ಆಮೇಲೆ ತೊಳೆಯುವುದು. ನೀರ್ದೋಸೆ ಹೊಯ್ಯುವ ಮೊದಲು ಕಾವಲಿಗೆ ಎಣ್ಣೆ ಸವರುತ್ತೇವಲ್ಲ, ಹಾಗೆ ಅಚ್ಚಿಗೂ ಒಂದು ಜಿಡ್ಡು ಸ್ಪ್ರೇ ಮಾಡಿರುತ್ತಾರೆ. ಅದು ತುಂಡಿನ ಮೇಲೆ ಉಳಿದರೆ ಬಣ್ಣ ನಿಲ್ಲುವುದಿಲ್ಲ, ಮಾಸ್ಕಿಂಗ್ ಟೇಪ್ ಕಿತ್ತಾಗ ಪದರ ಪದರವಾಗಿ ಎದ್ದು ಬರುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಸಣ್ಣ ತುಂಡುಗಳನ್ನು ಟೀ ಸೋಸುವ ಜರಡಿಯಲ್ಲಿಟ್ಟು ತೊಳೆಯಿರಿ, ಇಲ್ಲದಿದ್ದರೆ ಸಿಂಕಿನ ತೂತು ನುಂಗಿಬಿಡುತ್ತದೆ. ಆ ಜರಡಿ ಮತ್ತೆ ಅಡುಗೆಮನೆಗೆ ಹೋಗಬಾರದು, ಬೇರೆಯದೇ ಒಂದು ಕೊಂಡುಕೊಳ್ಳಿ.

ಧೂಳಿನ ವಿಷಯದಲ್ಲಿ ಮಾತ್ರ ನನ್ನ ಹತ್ತಿರ ತಮಾಷೆ ಇಲ್ಲ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎನ್95 ಮಾಸ್ಕ್ ಹಾಕಿಕೊಳ್ಳಿ, ಆದಷ್ಟೂ ನೀರು ಹಾಕಿಕೊಂಡೇ ಉಜ್ಜಿ. ಉಜ್ಜಿದ ಕೆಸರನ್ನು ಹಳೇ ಪೇಪರ್‌ನಲ್ಲಿ ಒರೆಸಿ ಕಸಕ್ಕೆ ಹಾಕಿ. ಫ್ಯಾನ್ ಕೆಳಗೆ ಕೂತು ಒಣ ಉಜ್ಜುವವರನ್ನು ನೋಡಿದ್ದೇನೆ, ಇಡೀ ಮನೆಗೆ ಪ್ರಸಾದ ಹಂಚಿದ ಹಾಗೆ.

ಗರಗಸ, ಬಿಸಿನೀರು

ಪ್ರತಿ ತುಂಡಿಗೂ ಎರಕ ಹೊಯ್ದ ಕಡೆ ಒಂದು ಗಟ್ಟಿ ದಿಮ್ಮಿ ಅಂಟಿಕೊಂಡಿರುತ್ತದೆ, ನಾವು ಪೋರ್ ಬ್ಲಾಕ್ ಅನ್ನುತ್ತೇವೆ. ಅದನ್ನು ಕಟರ್‌ನಲ್ಲಿ ಚಿವುಟಬೇಡಿ. ರೆಸಿನ್ ಬಿಸ್ಕತ್ತಿನ ಹಾಗೆ, ತನಗೆ ಬೇಕಾದ ಕಡೆ ಮುರಿಯುತ್ತದೆ. ರೇಜರ್ ಸಾ (ಸಣ್ಣ ಹಲ್ಲಿನ ತೆಳು ಗರಗಸ) ತೆಗೆದುಕೊಂಡು ಒಂದು ಮಿಲಿಮೀಟರ್ ಬಿಟ್ಟು ಕೊಯ್ಯಿರಿ. ಉಳಿದದ್ದನ್ನು ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಅಂಟಿಸಿ ಉಜ್ಜಿ ತೆಗೆಯಿರಿ. 240 ನಂಬರಿನ ಕಾಗದದಲ್ಲಿ ಶುರು ಮಾಡಿ 400ಕ್ಕೆ ಬನ್ನಿ. ಎರಡು ಸಲ ಎಳೆದು ಒಂದು ಸಲ ನೋಡಿ, ಏಕೆಂದರೆ ರೆಸಿನ್ ನೀವು ಅಂದುಕೊಂಡಿದ್ದಕ್ಕಿಂತ ಬೇಗ ಸವೆಯುತ್ತದೆ.

ಸೊಟ್ಟಗಿರುವ ರೆಕ್ಕೆ ಕಂಡು ಗಾಬರಿ ಬೇಡ. ಕೈ ಅದ್ದಲಾರದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆದರೆ ಅದು ಬೆಂದ ಹಪ್ಪಳದ ಹಿಟ್ಟಿನ ಹಾಗೆ ಮಾತು ಕೇಳುತ್ತದೆ. ಗಾಜಿನ ಮೇಲೆ ಒತ್ತಿ ಹಿಡಿದು ತಣ್ಣೀರು ಸುರಿಯಿರಿ. ಒಂದೇ ಸಲಕ್ಕೆ ಸರಿಯಾಗದಿದ್ದರೆ ಮತ್ತೊಮ್ಮೆ. ತೆಳು ಅಂಚುಗಳು ಮರುದಿನ ಮತ್ತೆ ಸ್ವಲ್ಪ ತಿರುಗಿಕೊಳ್ಳುತ್ತವೆ, ಅದಕ್ಕೇ ಈ ಕೆಲಸ ಮಾಡಿ ಎರಡು ದಿನ ಬಿಟ್ಟು ನೋಡಬೇಕು.

ರೆಕ್ಕೆ ನಿಲ್ಲುವುದು ಹಿತ್ತಾಳೆಯಿಂದ

ಪ್ಲಾಸ್ಟಿಕ್ ಕಿಟ್‌ನ ಅಂಟು ಇಲ್ಲಿ ಕೆಲಸ ಮಾಡುವುದಿಲ್ಲ. ಅದು ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು. ಪಾಲಿಯುರಿಥೇನ್ ರೆಸಿನ್ ಅದಕ್ಕೆ ಕರಗುವುದೇ ಇಲ್ಲ. ಸಣ್ಣ ತುಂಡಿಗೆ ಫೆವಿಕ್ವಿಕ್ ಜಾತಿಯ ಅಂಟು ಸರಿ. ಆದರೆ ಗಟ್ಟಿ ರೆಕ್ಕೆಯನ್ನು ಬರೀ ಅದರಲ್ಲಿ ಅಂಟಿಸಿದರೆ ಒಂದು ಸಣ್ಣ ಪೆಟ್ಟಿಗೆ ಟಪ್ ಅಂತ ಬಿಡುತ್ತದೆ. ಆ ಅಂಟು ಎಳೆತ ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ.

ಹಾಗಾಗಿ ಒಳಗೆ ಲೋಹ ಬೇಕು. ಮರುತ್‌ನ ಪ್ರತಿ ರೆಕ್ಕೆಗೂ ನಾನು ಎರಡು ಹಿತ್ತಾಳೆ ಕಡ್ಡಿ ಹಾಕಿದೆ, ಮುಂದೆ 3 ಮಿ.ಮೀ., ಹಿಂದೆ 2 ಮಿ.ಮೀ. ಒಂದೇ ಕಡ್ಡಿ ಸಾಲದು, ರೆಕ್ಕೆ ಅದರ ಸುತ್ತ ತಿರುಗುತ್ತದೆ. ಎಸ್.ಪಿ. ರಸ್ತೆ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕಿದರೆ ಕಡ್ಡಿ ಸಿಗುತ್ತದೆ. ತೂತು ಎದುರುಬದುರು ಬರುವುದೇ ಕಷ್ಟ. ನನ್ನ ಉಪಾಯ ಹೀಗೆ: ಮೊದಲು ರೆಕ್ಕೆಯಲ್ಲಿ ತೂತು ಕೊರೆದು, ಅದಕ್ಕೆ ಕಡ್ಡಿಯ ಚಿಕ್ಕ ತುಂಡು ಸಿಕ್ಕಿಸಿ, ತುದಿ ಒಂದು ಮಿಲಿಮೀಟರ್ ಮಾತ್ರ ಹೊರಗಿರಲಿ. ಅದಕ್ಕೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟು ರೆಕ್ಕೆಯನ್ನು ಅದರ ಜಾಗಕ್ಕೆ ಒತ್ತಿ. ಮೈಮೇಲೆ ಕುಂಕುಮ ಇಟ್ಟ ಹಾಗೆ ಗುರುತು ಮೂಡುತ್ತದೆ. ಅಲ್ಲೇ ಕೊರೆಯಿರಿ, ಕೈಯಲ್ಲಿ ತಿರುಗಿಸುವ ಪಿನ್ ವೈಸ್‌ನಲ್ಲಿ. ಕರೆಂಟಿನ ಡ್ರಿಲ್ ಬಿಸಿಯಾಗಿ ರೆಸಿನ್ ಮೆತ್ತಗೆ ಮಾಡಿಬಿಡುತ್ತದೆ. ತೂತು ಕೂದಲೆಳೆ ದೊಡ್ಡದಾದರೆ ಚಿಂತೆಯಿಲ್ಲ, ಅರಾಲ್ಡೈಟ್ ತುಂಬಿಕೊಳ್ಳುತ್ತದೆ. ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್ ತನ್ನಿ, ಐದು ನಿಮಿಷದ್ದು ಬೇಡ. ಸರಿಪಡಿಸಲು ಸಮಯ ಬೇಕಲ್ಲ.

ಅಂಟು ಹಾಕುವ ಮೊದಲು ಬರೀ ಕಡ್ಡಿಗಳ ಮೇಲೆ ಇಡೀ ವಿಮಾನ ಜೋಡಿಸಿ ನಿಲ್ಲಿಸಿ. ಮೈಯನ್ನು ಎರಡು ಪುಸ್ತಕಗಳ ನಡುವೆ ನೆಟ್ಟಗೆ ಕೂರಿಸಿ, ರೆಕ್ಕೆಯ ತುದಿಗಳ ಕೆಳಗೆ ಇಸ್ಪೀಟ್ ಎಲೆ ಒಂದೊಂದಾಗಿ ಪೇರಿಸಿ. ತುದಿ ತಾಗಿದಾಗ ಎರಡೂ ಕಡೆಯ ಎಲೆ ಎಣಿಸಿ. ನನ್ನದರಲ್ಲಿ ಮೊದಲು ಎಡಕ್ಕೆ 61, ಬಲಕ್ಕೆ 54 ಬಂತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಎಲೆ ಹೇಳಿತು. ಬಲ ರೆಕ್ಕೆಯ ಬುಡವನ್ನು ಚೂರು ಉಜ್ಜಿ ಎರಡನ್ನೂ 60ರ ಹತ್ತಿರ ತಂದೆ. ಈ ಒಣ ಜೋಡಣೆಗೇ ನನಗೆ ಮೂರು ಭಾನುವಾರ ಹಿಡಿಯಿತು, ಅಂಟಿಸಲು ಅರ್ಧ ಗಂಟೆ.

ಮೂಗಿಗೆ ಸೀಸ, ಕಾಲಿಗೆ ಸೈಕಲ್ ಕಡ್ಡಿ

ಮರುತ್ ಮುಂದೆ ಒಂದು, ಹಿಂದೆ ಎರಡು ಕಾಲಿನ ವಿಮಾನ. ಎರಡು ಆರ್ಫಿಯಸ್ ಜೆಟ್ ಎಂಜಿನ್ ಹಿಂದಿನ ಭಾಗದಲ್ಲಿವೆ, ಆದ್ದರಿಂದ ಬಾಲದ ಕಡೆ ರೆಸಿನ್ ದಂಡಿಯಾಗಿರುತ್ತದೆ. ಹಾಗೇ ಬಿಟ್ಟರೆ ಮಾದರಿ ನಾಯಿಯ ಹಾಗೆ ಹಿಂದಕ್ಕೆ ಕೂರುತ್ತದೆ. ಮೂಗು ಮುಚ್ಚುವ ಮುನ್ನವೇ ಲೆಕ್ಕ ಮುಗಿಸಬೇಕು. ಹಿಂದಿನ ಚಕ್ರಗಳು ಬರುವ ಜಾಗದ ಕೆಳಗೆ ಅಡ್ಡಕ್ಕೆ ಒಂದು ಪೆನ್ಸಿಲ್ ಇಟ್ಟು, ಎಲ್ಲ ತುಂಡುಗಳನ್ನೂ ಟೇಪಿನಲ್ಲಿ ಕಟ್ಟಿ ವಿಮಾನವನ್ನು ಅದರ ಮೇಲೆ ತೂಗಾಡಿಸಿ. ಗಾಳದವರು ಕಟ್ಟುವ ಸೀಸದ ಗುಂಡುಗಳನ್ನು ಮೂಗಿಗೆ ಒಂದೊಂದಾಗಿ ಸೇರಿಸುತ್ತಾ ಹೋಗಿ. ಮೂಗು ಕೆಳಗೆ ಬಂದ ಮೇಲೆ ಇನ್ನೊಂದೆರಡು ಗುಂಡು ಹೆಚ್ಚಿಗೆ ಹಾಕಿ, ಅಷ್ಟಕ್ಕೇ ನಿಲ್ಲಿಸಿ. ಸುಮ್ನೆ ಜಾಸ್ತಿ ತುಂಬಿದರೆ ಆ ಭಾರವನ್ನೂ ಕಾಲೇ ಹೊರಬೇಕು. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಇನ್ನು ಕಾಲು. ರೆಸಿನ್ ಕಾಲನ್ನು ನಂಬಬೇಡಿ, ನನ್ನ ಏಪ್ರಿಲ್ ನೆನಪಿರಲಿ. ಕೆಲವು ಕಿಟ್‌ಗಳಲ್ಲಿ ಬಿಳಿ ಲೋಹದ ಕಾಲು ಬರುತ್ತದೆ, ಅದೂ ಮೆತ್ತಗೆ. ನಾನು ಸೈಕಲ್ ಚಕ್ರದ ಕಡ್ಡಿ ಬಳಸಿದೆ. ಅದು 2 ಮಿ.ಮೀ. ಉಕ್ಕು, ಸೈಕಲ್ ರಿಪೇರಿ ಅಂಗಡಿಯವರು ಹಳೆಯದನ್ನು ಹಾಗೇ ಕೊಟ್ಟುಬಿಡುತ್ತಾರೆ. ಕಡ್ಡಿಯ ಮೇಲೆ ಹಿತ್ತಾಳೆ ಕೊಳವೆ ತೊಡಿಸಿ, ರೆಸಿನ್ ಕಾಲಿನ ಕೀಲು, ಪೈಪುಗಳಂಥ ಸಣ್ಣ ವಿವರಗಳನ್ನು ಕೊಯ್ದು ಅದಕ್ಕೆ ಅಂಟಿಸಿದೆ. ಕಡ್ಡಿಯ ಮೇಲಿನ ತುದಿ ಅದರ ಗೂಡಿನೊಳಗೆ ಆದಷ್ಟು ಆಳಕ್ಕೆ ಇಳಿದಿರಬೇಕು.

ತೂತು ಮುಚ್ಚುವುದು, ಬಣ್ಣ

ಸೂಜಿಮೊನೆಯಷ್ಟು ಗುಳ್ಳೆಗಳಿಗೆ ಫೆವಿಕ್ವಿಕ್ ಜೊತೆ ಮಕ್ಕಳ ಟಾಲ್ಕಂ ಪೌಡರ್ ಕಲಸಿ ತುಂಬಿ. ಗಂಟೆಯೊಳಗೆ ಉಜ್ಜಿಬಿಡಿ. ರಾತ್ರಿ ಬಿಟ್ಟರೆ ಅದು ರೆಸಿನ್‌ಗಿಂತ ಗಟ್ಟಿಯಾಗಿ, ಉಜ್ಜಿದಾಗ ಸುತ್ತಲಿನದು ಸವೆದು ಅದೊಂದೇ ಗುಬಟಾಗಿ ಉಳಿಯುತ್ತದೆ. ದೊಡ್ಡ ಸಂದಿಗೆ ಎಂ-ಸೀಲ್, ಒದ್ದೆ ಬೆರಳಲ್ಲಿ ನಯ ಮಾಡಿ.

ಮರುತ್‌ನ ಮೂಗಿನಲ್ಲಿ ನಾಲ್ಕು 30 ಮಿ.ಮೀ. ಏಡನ್ ತೋಪುಗಳಿವೆ. ಕಿಟ್‌ನಲ್ಲಿ ಬಂದ ನಳಿಕೆಗಳು ಬೆಂಕಿಕಡ್ಡಿ ಹಾಗಿದ್ದವು. ಮೆಡಿಕಲ್ ಶಾಪಿನ 18 ಗೇಜ್ ಇಂಜೆಕ್ಷನ್ ಸೂಜಿ ತಂದೆ. ಅದರ ಒಳಗಿನ ತೂತು 0.84 ಮಿ.ಮೀ., 30 ಮಿ.ಮೀ. ಅನ್ನು 32ರಿಂದ ಭಾಗಿಸಿದರೆ 0.94. ಇಷ್ಟು ಹತ್ತಿರ ಬಂದರೆ ನನಗೆ ಸಾಕು. ಮೊನೆಯನ್ನು ಕತ್ತರಿಸಿ ಮುಚ್ಚಳದ ಡಬ್ಬಿಗೆ ಹಾಕಿ ಬಿಸಾಡಿ, ಹಾಗೇ ಕಸಕ್ಕೆ ಹಾಕಬೇಡಿ.

ಕಾಕ್‌ಪಿಟ್‌ನ ಗಾಜಿಗೆ ಫೆವಿಕ್ವಿಕ್ ತೋರಿಸಲೇಬೇಡಿ, ಹೊಗೆ ಕಟ್ಟಿ ಬೆಳ್ಳಗಾಗುತ್ತದೆ. ಫೆವಿಕಾಲ್ ಸಾಕು.

ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ಅಡಿಪದರ, ಲ್ಯಾಕರ್ ಜಾತಿಯದೇ ಇರಲಿ, ಕಾರಿಗೆ ಹೊಡೆಯುವ ಬೂದು ಪ್ರೈಮರ್ ಆದರೂ ನಡೆಯುತ್ತದೆ, ಮೊದಲು ಬೇಡದ ತುಂಡಿನ ಮೇಲೆ ಹೊಡೆದು ನೋಡಿ. ಆಷಾಢದ ಮಳೆ ಹಿಡಿದ ದಿನ ಲ್ಯಾಕರ್ ಹೊಡೆಯಬೇಡಿ, ಗಾಳಿಯ ತೇವ ಸೇರಿ ಬಿಳಿ ಮಂಜು ಕೂರುತ್ತದೆ. ಪ್ರೈಮರ್ ಬಿದ್ದ ಮೇಲೆ ನೀವು ಕಾಣದೇ ಬಿಟ್ಟ ಗುಳ್ಳೆಗಳೆಲ್ಲ ಎದ್ದು ಕಾಣುತ್ತವೆ. ಬೇಸರ ಮಾಡಿಕೊಳ್ಳಬೇಡಿ, ಎಲ್ಲರಿಗೂ ಆಗುತ್ತದೆ. ಮತ್ತೆ ತುಂಬಿ, ಮತ್ತೆ ಉಜ್ಜಿ, ಮತ್ತೆ ಹೊಡೆಯಿರಿ. ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರೈಮರ್ ಆದಮೇಲೆ ರೆಸಿನ್‌ಗೂ ಪ್ಲಾಸ್ಟಿಕ್‌ಗೂ ವ್ಯತ್ಯಾಸವಿಲ್ಲ. ಒಂದೇ ಮಾತು, ವಾಯುಪಡೆಯ ದುಂಡು ಲಾಂಛನದಲ್ಲಿ ಕೇಸರಿ ಹೊರಗೆ, ಹಸಿರು ನಡುವೆ. ಉಲ್ಟಾ ಬರೆದವರನ್ನು ನೋಡಿದ್ದೇನೆ.

ಮುಗಿದ ವಿಮಾನವನ್ನು ಎತ್ತುವಾಗ ಬಾಲ ಹಿಡಿಯಬೇಡಿ, ಮೂಗೂ ಬೇಡ. ರೆಕ್ಕೆ ಮೈಗೆ ಸೇರುವ ಕಡೆ, ಎರಡೂ ಕೈ ಕೆಳಗೆ ಕೊಟ್ಟು ಎತ್ತಿ. ಧೂಳು ಹೊಡೆಯಲು ಮೇಕಪ್ ಬ್ರಷ್ ಇಡಿ, ಮನೆಯವರಿಗೆ ಬಟ್ಟೆ ತಗೊಂಡು ಒರೆಸಬೇಡಿ ಅಂತ ಮೊದಲೇ ಹೇಳಿಡಿ. ನನ್ನ ಮರುತ್ ಕಿಟಕಿಯ ಬಿಸಿಲು ಬೀಳದ ಕಪಾಟಿನಲ್ಲಿ ಎರಡು ಬೇಸಿಗೆ ಕಳೆದಿದೆ. ಮೊನ್ನೆ ಮತ್ತೆ ಇಸ್ಪೀಟ್ ಎಲೆ ತೆಗೆದು, ಈಗ ಚಕ್ರಗಳ ಮೇಲೆ ನಿಂತಿರುವ ಎತ್ತರಕ್ಕೆ ರೆಕ್ಕೆಯ ತುದಿಗಳ ಕೆಳಗೆ ಪೇರಿಸಿ ಎಣಿಸಿದೆ. ಎಡಕ್ಕೂ ಬಲಕ್ಕೂ ಒಂದೇ ಎಲೆಯ ವ್ಯತ್ಯಾಸ.