ಪೈಜಾಮಾ ಲಾಡಿ ಎಳೆದು ಅಂಬಾಸಿಡರ್ ಗ್ಲಾಸ್ ಕೂರಿಸಿದ್ದು

ನಮ್ಮ ಕಲಬುರಗಿಯ ಗ್ಯಾರೇಜುಗಳಲ್ಲಿ ಬೀಡಿಂಗ್, ಅಂದರೆ ಗ್ಲಾಸಿನ ಸುತ್ತಲಿನ ರಬ್ಬರ್ ಪಟ್ಟಿ, ಮೊದಲು ಕಾರಿನ ಬಾಡಿಯ ಅಂಚಿಗೆ ಹಾಕಿ, ಆಮೇಲೆ ಸ್ಕ್ರೂಡ್ರೈವರ್‌ನಿಂದ ರಬ್ಬರ್ ಎಬ್ಬುತ್ತಾ ಮುಂದಿನ ಗ್ಲಾಸ್ ತುರುಕುತ್ತಾರೆ. ನಾನೂ ಹದಿನೈದು ವರ್ಷ ಹಾಗೇ ಮಾಡಿದೆ. ಹಳೇ ಕಾರು ತಯಾರಾಗುತ್ತಿದ್ದ ಕಾರ್ಖಾನೆಗಳಲ್ಲಿ ಹಗ್ಗದ ಪದ್ಧತಿ ಇತ್ತು. ಬೀಡಿಂಗ್ ಗ್ಲಾಸಿಗೇ ಹಾಕಿ, ಅದರ ಬಾಡಿ ಕಡೆಯ ಕಾಲುವೆಯಲ್ಲಿ (ತಗಡಿನ ಅಂಚು ಕೂರೋ ಸಂದಿನಲ್ಲಿ) ಹಗ್ಗ ಸುತ್ತಬೇಕು. ಹೊರಗೊಬ್ಬ ಒತ್ತಿದರೆ, ಒಳಗೊಬ್ಬ ಎಳೀಬೇಕು. ಹಗ್ಗ ಬರ್ತಾ ಬರ್ತಾ ರಬ್ಬರಿನ ತುಟಿಯನ್ನ ತಗಡಿನ ಅಂಚು ದಾಟಿಸಿ ಒಳಗೆ ತರುತ್ತೆ.

ಅದನ್ನೇ ಒಂದು ಹಳೇ ಅಂಬಾಸಿಡರ್ ಮೇಲೆ ಮಾಡಿ ನೋಡೋಣ ಅಂದರೆ ನಮ್ಮ ಉಸ್ತಾದರು ಒಪ್ಪಲಿಲ್ಲ. "ಹೊಸ ತಗಡಿಗೆ ಸರಿ ತಮ್ಮಾ. ನಾಲ್ಕು ಸಲ ತಗ್ಗು ಮುಚ್ಚೋ ಪುಟ್ಟಿ ತಿಂದ ಗಾಡಿಗೆ ಆಗಂಗಿಲ್ಲ" ಅಂದರು.

ಮೊದಲ ಗ್ಲಾಸ್ ಎಡಗಡೆ ಮೂಲೆಯಲ್ಲಿ 'ಟಿಕ್' ಅಂತು. ಹೈದರಾಬಾದಿನಿಂದ ತರಿಸಿದ್ದು, ಸುಮಾರು 3,500 ಹೋಯಿತು. 2014ರಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲೆ ಒಳ್ಳೆ ಗ್ಲಾಸ್ ಹುಡುಕೋದೇ ಒಂದು ಕೆಲಸ. ಆ ಮೂಲೆ ಕೆರೆದು ನೋಡಿದರೆ ಪುಟ್ಟಿ ಎರಡು ನಾಣ್ಯದಷ್ಟು ದಪ್ಪ ಇತ್ತು. ಉಸ್ತಾದರ ಮಾತಿನಲ್ಲಿ ಅರ್ಧ ನಿಜ ಇತ್ತು. ಈಗ ಸುತ್ತಲೂ ತಗಡು ಕಾಣೋವರೆಗೆ ಕೆರೆದು, ಪ್ರೈಮರ್ ಹೊಡೆದೇ ಮುಂದಿನ ಕೆಲಸ.

ಎರಡನೇ ಸಲ ಸುತಲಿ (ಸೆಣಬಿನ ದಾರ) ಅರ್ಧಕ್ಕೇ ಹರೀತು. ಮೂರನೇ ಸಲ ಸಣ್ಣ ನೈಲಾನ್ ದಾರ ಬೀಡಿಂಗಿನ ತುಟಿಯನ್ನೇ ಸೀಳಿತು, ಮತ್ತೆ ಸಾವಿರದ ಚಿಲ್ಲರೆ. ಕೊನೆಗೆ ಕೈಗೆ ಸಿಕ್ಕಿದ್ದು ಪೈಜಾಮಾ ಲಾಡಿ. ಗುಂಡಗಿನ, ಒತ್ತಾಗಿ ಹೆಣೆದ ಲಾಡಿಯೇ ಬೇಕು. ಖಾಲಿ ಬಾಲ್ ಪೆನ್ನಿನ ನಳಿಗೆಯಲ್ಲಿ ಪೋಣಿಸಿ ಕಾಲುವೆಯಲ್ಲಿ ಜಾರಿಸಿಕೊಂಡು ಹೋದರೆ ಎರಡೇ ನಿಮಿಷ. ಎರಡೂ ತುದಿ ಕೆಳಗಡೆ ನಡುವೆ ಒಂದು ಗೇಣು ಒಂದರ ಮೇಲೊಂದು ಬರಲಿ.

ಗ್ರೀಸ್, ಸೀಮೆಎಣ್ಣೆ ಮುಟ್ಟಲೇಬೇಡಿ, ರಬ್ಬರ್ ಉಬ್ಬುತ್ತೆ. ಸಾಬೂನು ನೀರೇ ಸಾಕು. ನಾನು ಅದರಲ್ಲಿ ಇನ್ನೊಂದು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಮೇ ತಿಂಗಳಲ್ಲಿ ಬೀಡಿಂಗನ್ನ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಅರ್ಧ ತಾಸು ಬಿಸಿಲಿಗಿಟ್ಟೆ. ಬೆಣ್ಣೆಯ ಹಾಗೆ ಬಗ್ಗಿತು, ಸುಲಭವಾಗಿ ಕೂತಿತು. ಬೆಳಿಗ್ಗೆ ನೋಡಿದರೆ ಕುಗ್ಗಿ, ಜೋಡಣೆಯಲ್ಲಿ ಬೆರಳು ತೂರುವಷ್ಟು ಸಂದು. ಬಿಸಿಯಲ್ಲಿ ಎಳೆದು ಕತ್ತರಿಸಿದ್ದೇ ತಪ್ಪು. ಬಿಸಿ ಮಾಡಿದರೆ ಒಂದಿಂಚು ಜಾಸ್ತಿ ಬಿಟ್ಟು ಕತ್ತರಿಸಿ.

ನಾಲ್ಕನೇ ಸಲ ಗ್ಲಾಸನ್ನ ಕೌದಿ ಮೇಲೆ ಮಲಗಿಸಿ ಬೀಡಿಂಗ್ ಹಾಕಿದೆವು. ನಮ್ಮ ಹುಡುಗ ಹೊರಗೆ ಅಂಗೈಯಿಂದ ತಟ್ಟುತ್ತಾ ಬಂದ, ನಾನು ಒಳಗೆ ಕೂತು ಲಾಡಿಯನ್ನ ಗ್ಲಾಸಿನ ನಡುವಿನ ಕಡೆಗೆ ಎಳೆದೆ. ಮೂಲೆ ಬಂದಾಗ ಅವಸರ ಮಾಡಲಿಲ್ಲ. ಎಲ್ಲಾ ಸೇರಿ ಹತ್ತು ಹನ್ನೆರಡು ನಿಮಿಷ! ಸ್ಕ್ರೂಡ್ರೈವರ್‌ನಲ್ಲಿ ಒಂದೂವರೆ ತಾಸು ಹಿಡೀತಿತ್ತು.

ಉಸ್ತಾದರು ತಾವೇ ಪೈಪ್ ಹಿಡಿದು ಮೂಲೆ ಮೂಲೆಗೂ ನೀರು ಬಿಟ್ಟರು. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ನೋಡಿದರು, ಒಣಗಿತ್ತು. ಮುಂದಿನ ವಾರ ಪದ್ಮಿನಿ ಕಾರಿನ ಹಿಂದಿನ ಗ್ಲಾಸ್ ಬಂದಾಗ ಒಳಗೆ ಕೂತು ಲಾಡಿ ಎಳೆದವರು ಅವರೇ.