ಸುತ್ತುದಾರಿಯ ಚಾರಣ: ವಾಪಸ್ ತಿರುಗುವ ಜಾಗವನ್ನು ಮನೆಯಲ್ಲೇ ಗೊತ್ತು ಮಾಡಿಕೊಂಡೆ

ಒಂದು ಕಾಡುಬೆಟ್ಟದಲ್ಲಿ ಸುತ್ತಿ ಹೊರಟ ಜಾಗಕ್ಕೇ ಬಂದು ಸೇರುವ ಸುತ್ತುದಾರಿಗೆ ಮೊದಲ ಸಲ ಹೋದಾಗ ನಾನು ನೋಡಿದ್ದು ಒಂದೇ ಅಂಕಿ. 18 ಕಿಲೋಮೀಟರ್. ಬಯಲಲ್ಲಿ ಅಷ್ಟು ದೂರ ಎಷ್ಟೋ ಸಲ ನಡೆದಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಆರಾಮಾಗಿ ಹೊರಟೆವು. ಕೊನೆಯ ಎರಡು ಕಿಲೋಮೀಟರ್ ಕಡಿದಾದ ಇಳಿಜಾರು. ಅದನ್ನು ಕತ್ತಲಲ್ಲಿ, ಇಬ್ಬರಿಗೆ ಒಂದೇ ಟಾರ್ಚು ಇಟ್ಟುಕೊಂಡು, ಒದ್ದೆ ಬೇರುಗಳ ಮೇಲೆ ಕೂತು ಕೂತು ಇಳಿದೆವು. ಗೆಳತಿಯ ಮೊಣಕಾಲು ನಡುಗುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಎರಡನೇ ಸಲ ಹೊರಡುವ ಮುಂಚೆ ಒಂದು ವಾರ ಸಂಜೆಯೆಲ್ಲ ಮ್ಯಾಪ್ ಮುಂದೆ ಕೂತೆ.

ಹೋದ ದಾರಿಯಲ್ಲೇ ವಾಪಸ್ ಬರುವ ಚಾರಣದಲ್ಲಿ ಸಾಕು ಅನ್ನಿಸಿದ ಕಡೆ ತಿರುಗಬಹುದು. ಬಂದಷ್ಟೇ ದೂರ, ನೋಡಿದ್ದೇ ದಾರಿ. ಸುತ್ತುದಾರಿಯಲ್ಲಿ ಈ ಅನುಕೂಲ ಇಲ್ಲ. ಇನ್ನೇನು ಅರ್ಧ ಮುಗೀತಲ್ವಾ, ಮುಂದೆ ಹೋದರೇ ಬೇಗ ಅಂತ ಮನಸ್ಸು ಎಳೆಯುತ್ತದೆ. ಆ ಹೊತ್ತಿಗೆ ದಣಿವೂ ಆಗಿರುತ್ತದೆ. ಹಾಗಾಗಿ ಎಲ್ಲಿ, ಎಷ್ಟು ಗಂಟೆಗೆ ತಿರುಗಬೇಕು ಅನ್ನುವುದನ್ನು ಹಿಂದಿನ ದಿನಗಳಲ್ಲೇ ತೀರ್ಮಾನ ಮಾಡಿಕೊಳ್ಳಬೇಕು ಅನ್ನಿಸಿತು.

ಮೊದಲು ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು ಎಣಿಸಿದೆ. ನನ್ನ ಮ್ಯಾಪಿನಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಬಲಸುತ್ತು ಹೋದರೆ ಮೊದಲ 7 ಕಿಲೋಮೀಟರಿನಲ್ಲೇ ಸುಮಾರು 950 ಮೀಟರ್ ಏರು. ಆಮೇಲೆ 4 ಕಿಲೋಮೀಟರ್ ಬೆಟ್ಟದ ಏಣಿನ (ಉದ್ದಕ್ಕೆ ಚಾಚಿದ ನೆತ್ತಿಯ) ಮೇಲೆ ಹತ್ತಿಳಿಯುತ್ತ ಇನ್ನೊಂದು 250 ಮೀಟರ್. ಉಳಿದ 7 ಕಿಲೋಮೀಟರ್ ನಿಧಾನದ ಇಳಿಕೆ.

ಹೊತ್ತು ಲೆಕ್ಕ ಹಾಕಲು ನೈಸ್ಮಿತ್ ಸೂತ್ರ ಹಿಡಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು ಅದು. ಈಗಿನ ಅಳತೆಯಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಸುಮಾರು ಐದೂವರೆ ಗಂಟೆ ಬಂತು. ಆದರೆ ಅದು ಗಟ್ಟಿಗರು ಒಳ್ಳೆಯ ನೆಲದಲ್ಲಿ ನಿಲ್ಲದೆ ನಡೆಯುವ ಲೆಕ್ಕ. ಬೇರು, ಕಲ್ಲು, ಕೆಸರು, ವಿಶ್ರಾಂತಿ ಎಲ್ಲ ಸೇರಿಸಿ ಒಂದೂವರೆ ಪಟ್ಟು ಮಾಡಿದೆ. ಎಂಟೂವರೆ ಗಂಟೆ! ಮೊದಲ ಸಲ ಯಾಕೆ ಕತ್ತಲಾಯಿತು ಅಂತ ಆಗ ಅರ್ಥವಾಯಿತು. ದಟ್ಟ ಕಾಡಿನೊಳಗೆ ಸೂರ್ಯ ಮುಳುಗುವ ಮುಂಚೆಯೇ ನೆಲ ಕಾಣುವುದು ಕಷ್ಟವಾಗುತ್ತದೆ. ಈ ಸಲ ಬೆಳಿಗ್ಗೆ ಆರಕ್ಕೇ ಹೊರಡುವುದು ಅಂತಾಯಿತು.

ದಿಕ್ಕಿನ ಬಗ್ಗೆ ಬಹಳ ಯೋಚಿಸಿದೆ. ಹೋದ ಸಲ ಎಡಸುತ್ತು ಹೋಗಿದ್ದೆವು. ಸುಲಭದ ಏರು ಮೊದಲು, ಕಡಿದಾದ ಇಳಿಜಾರು ಕೊನೆಗೆ. ಮೊಣಕಾಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಬಲಸುತ್ತು ಹೋದರೆ ಕಡಿದಾದ್ದನ್ನು ತಾಜಾ ಕಾಲಲ್ಲಿ ಹತ್ತಿ ಮುಗಿಸಬಹುದು. ಆದರೆ ಅದರಲ್ಲಿ ಒಂದು ತೊಡಕಿತ್ತು. 15ನೇ ಕಿಲೋಮೀಟರಿನಲ್ಲಿ ಒಂದು ಹಳ್ಳ ದಾಟಬೇಕು. ಬೆಟ್ಟದ ಮೇಲೆ ಮಧ್ಯಾಹ್ನ ಮಳೆ ಬಿದ್ದರೆ ಹಳ್ಳ ಏರುತ್ತದೆ. ದಾಟಲು ಆಗದಿದ್ದರೆ 15 ಕಿಲೋಮೀಟರ್ ವಾಪಸ್ ನಡೆಯಬೇಕು. ಅದು ಆಗದ ಮಾತು.

ಇದಕ್ಕೆ ಉತ್ತರ ಮ್ಯಾಪಿನಲ್ಲೇ ಇತ್ತು. ಕೊನೆಯ ಕಡೆಯಿಂದ ಹಳ್ಳ ಬರೀ 3 ಕಿಲೋಮೀಟರ್. ಹಿಂದಿನ ಸಂಜೆಯೇ ಹೋಗಿ ನೋಡಿ ಬಂದೆವು. ನೀರು ಪಾದ ಮುಳುಗುವಷ್ಟು. ನಡುವೆ ಚಪ್ಪಟೆ ಬಂಡೆಯೊಂದು ಪೂರ್ತಿ ಒಣಗಿತ್ತು. ಅದರ ಫೋಟೋ ತೆಗೆದುಕೊಂಡೆ. ಮುನ್ಸೂಚನೆಯಲ್ಲಿ ಎರಡು ದಿನ ಮಳೆ ಇರಲಿಲ್ಲ.

ತಿರುಗುವ ಜಾಗವನ್ನು 7ನೇ ಕಿಲೋಮೀಟರಿಗೆ, ಏಣು ಶುರುವಾಗುವ ಕಡೆಗೆ ಇಟ್ಟೆ. ದೂರದಲ್ಲಿ ಅದು ಅರ್ಧ ಅಲ್ಲ, ಸಮಯದಲ್ಲಿ ಅರ್ಧ. ಲೆಕ್ಕದ ಪ್ರಕಾರ ಹತ್ತೂವರೆಗೆ ಅಲ್ಲಿರಬೇಕು. ಹನ್ನೊಂದೂವರೆ ದಾಟಿದರೆ ಯಾವ ಚರ್ಚೆಯೂ ಇಲ್ಲದೆ ವಾಪಸ್. ಒಂದು ರಟ್ಟಿನ ಮೇಲೆ ಐದು ಗುರುತು ಬರೆದೆ. ಪ್ರತಿಯೊಂದಕ್ಕೂ ದೂರ, ಎತ್ತರ, ಗಂಟೆ. ಮನೆಯಲ್ಲಿ ತಮ್ಮನಿಗೆ ದಾರಿಯ ಜೊತೆ ಬಲಸುತ್ತು ಅನ್ನುವುದನ್ನೂ ಹೇಳಿದೆ. ಯಾವ ದಿಕ್ಕು ಅಂತ ಗೊತ್ತಿಲ್ಲದಿದ್ದರೆ ಹುಡುಕುವವರು ಎಲ್ಲಿಂದ ಶುರು ಮಾಡಬೇಕು, ಹೇಳಿ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ ತಲಾ ನಾಲ್ಕು ಲೀಟರ್ ನೀರು, ಇಬ್ಬರಿಗೂ ಬೇರೆ ಬೇರೆ ಹೆಡ್‌ಲ್ಯಾಂಪ್, ಸೀಟಿ, ಒಂದು ಬೆಚ್ಚನೆಯ ಮೇಲಂಗಿ. ಸಾವಿರ ಮೀಟರ್ ಮೇಲೆ ಹೋದರೆ ಸಾಮಾನ್ಯವಾಗಿ ಆರೇಳು ಡಿಗ್ರಿ ತಂಪು ಜಾಸ್ತಿ, ಗಾಳಿ ಬೇರೆ.

ಏಣು ಶುರುವಾಗುವ ಕಡೆ ತಲುಪಿದ್ದು 10:50ಕ್ಕೆ. ಇಪ್ಪತ್ತು ನಿಮಿಷ ತಡ, ಆದರೆ ಗಡುವಿನೊಳಗೆ. ಸುಮ್ನೆ ಮುಂದೆ ನಡೆದೆವು.

ತೊಂದರೆ ಬಂದದ್ದು ಇಳಿಕೆಯಲ್ಲಿ. ದೊಡ್ಡ ಮರವೊಂದು ದಾರಿಗೆ ಅಡ್ಡ ಬಿದ್ದಿತ್ತು. ಬಳಸಿಕೊಂಡು ಹೋದೆವು. ಆಚೆ ಒಂದು ಸವೆದ ಜಾಡು ಸಿಕ್ಕಿತು, ಅದನ್ನೇ ಹಿಡಿದೆವು. ಮರಗಳ ದಟ್ಟಣೆಯಲ್ಲಿ ಫೋನಿನ ಜಿಪಿಎಸ್ ಚುಕ್ಕಿ ಆ ಕಡೆ ಈ ಕಡೆ ಹಾರುತ್ತಿತ್ತು. ರಟ್ಟು ತೆಗೆದು ನೋಡಿದೆ. ಅಲ್ಲಿ ದಾರಿ ಅರ್ಧ ಕಿಲೋಮೀಟರ್ ಒಂದೇ ಎತ್ತರದಲ್ಲಿ ಹೋಗಬೇಕಿತ್ತು. ಕೈಗಡಿಯಾರದ ಎತ್ತರಮಾಪಕ ನೋಡಿದರೆ ನಾವು ಆಗಲೇ 60 ಮೀಟರ್ ಕೆಳಗೆ. ಜಾಡು ಚೆನ್ನಾಗಿಯೇ ಇತ್ತು, ಆದರೆ ನಮ್ಮದಲ್ಲ. ಗೆಳತಿ ಒಂದು ಮಾತೂ ಆಡದೆ ತಿರುಗಿ ಹತ್ತಿದಳು. ಬಿದ್ದ ಮರದ ಹತ್ತಿರ ಇನ್ನೊಮ್ಮೆ ಹುಡುಕಿದಾಗ, ಕೊಂಬೆಗಳ ಹಿಂದೆ ದಾರಿಯ ಬಣ್ಣದ ಗುರುತು ಕಂಡಿತು. ನಲವತ್ತು ನಿಮಿಷ ಹೋಯಿತು. ಅಷ್ಟು ಹೊತ್ತನ್ನು ಬೆಳಿಗ್ಗೆ ಬೇಗ ಹೊರಟೇ ಉಳಿಸಿಕೊಂಡಿದ್ದೆವು.

ಹಳ್ಳಕ್ಕೆ ಬಂದಾಗ ಮೂರಕ್ಕೆ ಐದು ನಿಮಿಷ. ಫೋನ್ ತೆಗೆದು ಫೋಟೋ ಪಕ್ಕದಲ್ಲಿ ಹಿಡಿದು ನೋಡಿದೆ. ಚಪ್ಪಟೆ ಬಂಡೆ ನಿನ್ನೆಯ ಹಾಗೆಯೇ ಒಣಗಿತ್ತು. ಅದರ ಮೇಲೆ ಕೂತು ಬೂಟು ಬಿಚ್ಚಿದೆವು.